ಬೆಳ್ಳಗಾದ ಕಾಗದ

ನೆಂಟರೆಲ್ಲ ಹೊರಟುಹೋದ ಮಾರನೆಯ ಬೆಳಿಗ್ಗೆ ಅವಳು ಎದ್ದು ಹಾಲಿನ ಪಾತ್ರೆಯನ್ನು ಒಲೆಯ ಮೇಲಿಟ್ಟಳು. ಗಂಡನನ್ನು ಮಣ್ಣು ಮಾಡಿ ಬಂದ ಮೇಲೆ ಅಡುಗೆಮನೆ ಅವಳ ಕೈಗೆ ಸಿಕ್ಕಿದ್ದು ಅಂದೇ ಮೊದಲು. ಅಲ್ಲಿಯವರೆಗೆ ಯಾರು ಯಾರೋ ಬಂದು ಡಬ್ಬಿಗಳನ್ನು ತೆಗೆದು, ತಮಗೆ ತೋಚಿದ ಕಡೆ ಇಟ್ಟು ಹೋಗಿದ್ದರು. ಸಕ್ಕರೆ ಬೇಕೆಂದರೆ ಉಪ್ಪಿನ ಡಬ್ಬಿಯಿಂದ ಹುಡುಕಾಟ ಶುರುಮಾಡಬೇಕಿತ್ತು.

ಕಡ್ಡಿ ಗೀರುವಷ್ಟರಲ್ಲಿ ಹಿಂದಿನಿಂದ ಅತ್ತೆಯ ದನಿ ಬಂತು.

“ಕಾಗದ ಅದ್ದಿ ನೋಡಿದ್ಯೇನೆ?”

ಬಾಯಿಂದ ಬಂದ ಮೇಲೆ ಅತ್ತೆಗೇ ಅರಿವಾಯಿತು. ಸೆರಗಿನ ಚುಂಗನ್ನು ಬಾಯಿಗೆ ಒತ್ತಿಕೊಂಡು ಬಾಗಿಲಲ್ಲೇ ನಿಂತರು. ಕಡ್ಡಿ ಉರಿದು ಅವಳ ಬೆರಳಿಗೆ ಬಂತು. ಅವಳು ಅದನ್ನು ಕೆಳಗೆ ಹಾಕಿ ಇನ್ನೊಂದು ಗೀರಿದಳು.

ಒಲೆಯ ಪಕ್ಕದ ಹಲಗೆಯ ಮೇಲೆ ಒಂದು ಚಪ್ಪಟೆ ತಗಡಿನ ಡಬ್ಬಿ ಇತ್ತು. ಅದರೊಳಗೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಎರಡು ಕಟ್ಟು ಲಿಟ್ಮಸ್ ಕಾಗದ, ಒಂದು ನೀಲಿ, ಒಂದು ಕೆಂಪು. ಹುಳಿ ತಗಲಿದರೆ ನೀಲಿಯದು ಕೆಂಪಾಗುತ್ತದೆ, ಕ್ಷಾರ ತಗಲಿದರೆ ಕೆಂಪಿನದು ನೀಲಿಯಾಗುತ್ತದೆ. ಈ ಮನೆಯಲ್ಲಿ ಹಾಲು ಒಲೆಗೇರುವ ಮೊದಲು ಒಂದು ಚೂರು ನೀಲಿ ಕಾಗದಕ್ಕೆ ಲೆಕ್ಕ ಒಪ್ಪಿಸಬೇಕಿತ್ತು. ಆ ಕಾನೂನು ಮಾಡಿದ್ದು ಅವಳ ಗಂಡ.

ಅವನು ದೊಡ್ಡ ಹೋಟೆಲೊಂದರ ಮುಖ್ಯ ಅಡುಗೆಯವನಾಗಿದ್ದ. ಮುಚ್ಚಳ ತೆಗೆಯದೆಯೇ ಒಳಗಿನದು ಬೆಂದಿದೆಯೋ ಇಲ್ಲವೋ ಹೇಳುತ್ತಿದ್ದ ಆಸಾಮಿ. ಹೋದ ವರ್ಷ ಒಂದು ಜ್ವರ ಬಂದು ಅವನನ್ನು ಮಂಚಕ್ಕೆ ಕೆಡವಿತು. ಜ್ವರ ಬಿಟ್ಟಿತು, ಆದರೆ ಹೋಗುವಾಗ ಮೂಗನ್ನು ಹೊತ್ತುಕೊಂಡು ಹೋಯಿತು. ಎದೆಯನ್ನೂ ಅರ್ಧ ಹಿಂಡಿಹಾಕಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು. ಕೊತ್ತಂಬರಿಗೂ ಸೀಮೆಎಣ್ಣೆಗೂ ವ್ಯತ್ಯಾಸ ತಿಳಿಯದು. ಒಂದು ದಿನ ಹಳಸಿದ ಸಾರು ಗಿರಾಕಿಗಳ ಮುಂದೆ ಹೋಯಿತು. ಮಾಲೀಕ ಅವನನ್ನು ಕರೆದು, “ಮೂಗು ಬಂದ ದಿನ ಬಾಪ್ಪಾ” ಎಂದು ಬೆನ್ನು ತಟ್ಟಿ ಕಳಿಸಿದ. ಬೀದಿಯ ಬಾಯಿಗಳು ಅಷ್ಟು ನಯವಾಗಿರಲಿಲ್ಲ. “ಸತ್ತ ಮೂಗಿನ ಭಟ್ಟ” ಎಂದು ಹೆಸರಿಟ್ಟರು.

ಆಗಲೇ ಅವನು ಪಕ್ಕದ ಬೀದಿಯ ಶಾಲೆಯ ಪ್ರಯೋಗಾಲಯದ ಅಟೆಂಡರನಿಂದ ಈ ಡಬ್ಬಿಯನ್ನು ಎರವಲು ತಂದದ್ದು. ಆ ಅಟೆಂಡರ್ ಒಡೆದ ಗಾಜಿನ ನಳಿಗೆಗಳು ಅಷ್ಟಿಷ್ಟಲ್ಲ, ಅದಕ್ಕೇ ಮಕ್ಕಳೆಲ್ಲ ಅವನನ್ನು ಗಾಜಣ್ಣ ಎಂದೇ ಕರೆಯುತ್ತಿದ್ದರು. “ಇದು ನನ್ನ ಹೊಸ ಮೂಗು” ಎಂದು ಗಂಡ ಡಬ್ಬಿಯನ್ನು ಅವಳ ಮುಂದೆ ಇಟ್ಟ. ಅವಳು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ವಿಮೆ ಕಚೇರಿಯಲ್ಲಿ ಅರ್ಜಿಗಳಿಗೆ ಮೊಹರು ಒತ್ತುತ್ತಿದ್ದವಳು. ಕಲಿತದ್ದು ಮನೆಯಲ್ಲಾದರೂ ಉಪಯೋಗಕ್ಕೆ ಬರಲಿ ಎಂದು ಅವಳಿಗೂ ಖುಷಿಯಾಗಿತ್ತು.

ಹಾಲು ಕಾಯಿತು, ಒಡೆಯಲಿಲ್ಲ. ಇಬ್ಬರಿಗೂ ಲೋಟಕ್ಕೆ ಸುರಿದಳು. ಇಬ್ಬರೂ ಕುಡಿಯಲಿಲ್ಲ.

“ಕೆಳಗಿನ ಮನೆಯಾಕೆ ಬಾಯಿಬಿಟ್ಟು ಹೇಳಲ್ಲ” ಎಂದರು ಅತ್ತೆ. “ಆದ್ರೂ ಎಷ್ಟು ದಿನ ಅಂತ ಅವಳ ಬಚ್ಚಲಿಗೆ ಹೋಗಿ ಬರೋದು? ನಮ್ಮದು ತೆಗೀಬೇಕು.”

“ತೆಗೀತೀನಿ.”

“ನಾನು ಒಳಗೆ ಬರಲ್ಲ.”

“ಬೇಡಿ ಅತ್ತೆ.”

ಅತ್ತೆ ಲೋಟದೊಳಗೆ ನೋಡುತ್ತ ಕುಳಿತರು. ಆಮೇಲೆ, ಇಷ್ಟು ದಿನವೂ ಕೇಳುತ್ತಿದ್ದುದನ್ನೇ ಕೇಳಿದರು.

“ಚಿಲಕ ಯಾಕೆ ಹಾಕ್ಕೊಂಡ?”

ಮನೆಯಲ್ಲಿ ಉಳಿದಿದ್ದುದು ಅದೊಂದೇ ಪ್ರಶ್ನೆ. ಅಂದು ಮಧ್ಯಾಹ್ನ ಅವಳು ಕಚೇರಿಯಲ್ಲಿದ್ದಳು, ಅತ್ತೆ ಕೆಳಗಿನ ಮನೆಯ ಹೊಲಿಗೆಯಾಕೆಯ ಹತ್ತಿರ ರವಿಕೆ ಸಡಿಲಮಾಡಿಸಲು ಹೋಗಿದ್ದರು. ತಿರುಗಿ ಬಂದಾಗ ಮನೆಯೆಲ್ಲ ಘಾಟು. ಬಚ್ಚಲ ಬಾಗಿಲು ಒಳಗಿನಿಂದ ಹಾಕಿತ್ತು. ಹೊಲಿಗೆಯಾಕೆ ಓಡಿಬಂದು ಭುಜ ಕೊಟ್ಟು ಚಿಲಕ ಮುರಿದಳು. ಬಾಗಿಲ ಸಂದಿಗೆ ಒಳಗಿನಿಂದ ಒದ್ದೆ ಟವೆಲು ತುರುಕಿತ್ತು. ಒಂದು ಆಸಿಡ್ ಬಾಟಲಿ, ಒಂದು ಬ್ಲೀಚ್ ಬಾಟಲಿ, ಎರಡೂ ಖಾಲಿ. ನಡುವೆ ಅವನು.

ಆಸಿಡ್ಡಿಗೆ ಬ್ಲೀಚ್ ಬೆರೆತರೆ ವಿಷದ ಗಾಳಿ ಏಳುತ್ತದೆಂದು ಬಂದ ಪೊಲೀಸರಿಗೆ ಗೊತ್ತಿತ್ತು. ಅವರು ಬಾಟಲಿಗಳನ್ನು ಚೀಲಕ್ಕೆ ಹಾಕಿಕೊಂಡರು, ಟವೆಲನ್ನು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುದುಕಿಯ ಮೇಲೆ ಕರುಣೆಯಿಂದ ‘ಆಕಸ್ಮಿಕ’ ಎಂದು ಬರೆದುಕೊಂಡು ಹೋದರು. ಬರೆದದ್ದನ್ನು ಯಾರೂ ನಂಬಲಿಲ್ಲ. ನಾದಿನಿಯಂತೂ ಹೊರಡುವಾಗ ಚೀಲ ಹೆಗಲಿಗೇರಿಸಿಕೊಂಡೇ ಕೇಳಿದಳು: “ಅತ್ತಿಗೆ, ಸಂದಿಗೆ ಬಟ್ಟೆ ತುರುಕಿದ್ದ ಅಂದ್ರೆ ಏನರ್ಥ? ನೀವು ಓದಿದೋರು, ನೀವೇ ಹೇಳಿ. ನಿಮಗೆ ಮೊದಲೇ ಏನೂ ಕಾಣ್ಲಿಲ್ವಾ?”

ಅವಳಿಗೆ ಏನೂ ಕಂಡಿರಲಿಲ್ಲ. ಅಂದು ಬೆಳಿಗ್ಗೆಯೂ ಅವನು ಹಾಲಿಗೆ ಕಾಗದ ಅದ್ದಿ, ಮೂಗಿನ ಮುಂದೆ ಹಿಡಿದು ಮೂಸುವಂತೆ ನಟಿಸಿ, “ಪಾಸು” ಎಂದಿದ್ದ. ಹೇಳದೆ ಕೇಳದೆ ಎದ್ದು ಹೋಗುವವನು ಹಾಲು ಕೆಟ್ಟಿದೆಯೇ ಎಂದು ನೋಡುತ್ತಾನೆಯೇ? ನೋಡಲೂಬಹುದು. ಅವಳಿಗೆ ತಿಳಿಯದು. ತಿಳಿಯಲೇಬೇಕಿತ್ತು. ತಿಳಿದು ಮಾಡುವುದೇನೆಂದು ಮಾತ್ರ ಅವಳು ಯೋಚಿಸಿರಲಿಲ್ಲ.

ಮುರಿದ ಚಿಲಕಕ್ಕೆ ಬದಲಾಗಿ ಬಾಗಿಲಿಗೆ ಒಂದು ದಾರ ಕಟ್ಟಿದ್ದರು. ಅವಳು ಗಂಟು ಬಿಚ್ಚಿದಳು.

ಒಳಗೆ ಘಾಟು ಇರಲಿಲ್ಲ. ಮುಚ್ಚಿದ ಜಾಗದ ಮುಗ್ಗಲು ಅಷ್ಟೆ. ಕಮೋಡಿನ ಬುಡದಿಂದ ನೀರು ಹೋಗುವ ಕಂಡಿಯವರೆಗೆ ನೆಲದ ಕಲ್ಲು ಬಣ್ಣ ಕಳೆದುಕೊಂಡು ಒರಟಾಗಿತ್ತು. ಆಸಿಡ್ ಒಂದು ಹನಿ ಎರಡು ಹನಿಯಲ್ಲ, ಬಾಟಲಿಯೇ ಉರುಳಿ ಹರಿದ ಗುರುತು. ನಲ್ಲಿಯ ಕೆಳಗಿನ ಬಕೆಟ್ಟು ಒಣಗಿತ್ತು. ಆ ಬೀದಿಗೆ ನೀರು ಬರುವುದು ಬೆಳಿಗ್ಗೆ ಮಾತ್ರ. ಹಿಡಿದಿಟ್ಟದ್ದು ತೀರಿದರೆ ಮರುದಿನದವರೆಗೆ ನಲ್ಲಿಯಲ್ಲಿ ಗಾಳಿ.

ಕಸಬರಿಕೆ ತೆಗೆದುಕೊಳ್ಳಲು ತಿರುಗಿದಾಗ, ತೆರೆಯಲು ಬಾರದ ಕಿಟಕಿಯ ಕಟ್ಟೆ ಕಣ್ಣಿಗೆ ಬಿತ್ತು.

ಕಟ್ಟೆಯ ಮೇಲೆ ಒಂದು ಸಾಲು ಇತ್ತು. ಸಾಸರಿನಲ್ಲಿ ಗಟ್ಟಿಯಾದ ಬಿಳಿ ಪುಡಿ. ಪಕ್ಕದಲ್ಲಿ ಒಂದು ಕಾಗದದ ಚೂರು. ಬಟ್ಟಲಿನ ತಳದಲ್ಲಿ ಒಣಗಿದ ಸಾಬೂನು ನೊರೆ; ಪಕ್ಕದಲ್ಲಿ ಒಂದು ಚೂರು. ಚಮಚದ ಮೇಲೆ ಒಂದಿಷ್ಟು ಟೂತ್‌ಪೇಸ್ಟು. ಅದಕ್ಕೂ ಒಂದು ಚೂರು. ಕೊನೆಗೆ ಬ್ಲೀಚ್ ಬಾಟಲಿಯ ನೀಲಿ ಮುಚ್ಚಳ, ಅದರ ಪಕ್ಕದಲ್ಲಿ ಇನ್ನೊಂದು ಚೂರು.

ಪೊಲೀಸರು ಇದನ್ನು ನೋಡಿಯೂ ನೋಡಿರಲಿಲ್ಲ. ಮನೆಯವರು ಕಟ್ಟೆಯ ಮೇಲೆ ಏನೇನೋ ಇಡುತ್ತಾರೆ. ಆದರೆ ಅವಳಿಗೆ ಈ ಸಾಲಿನ ಪರಿಚಯವಿತ್ತು. ಬಾಣಲೆ ಒಲೆಗಿಡುವ ಮೊದಲು ಬೇಕಾದ್ದನ್ನೆಲ್ಲ ಎಡದಿಂದ ಬಲಕ್ಕೆ ಜೋಡಿಸಿಟ್ಟುಕೊಳ್ಳುವುದು ಅಡುಗೆಯವರ ರೂಢಿ. ಅವನು ಹಲ್ಲುಜ್ಜಲು ಹೋದರೂ ಹಾಗೆಯೇ.

ಅವಳು ಬಗ್ಗಿ ನೋಡಿದಳು. ಅಡುಗೆ ಸೋಡಾದ ಪಕ್ಕದ ಕೆಂಪು ಕಾಗದ ತುಸು ನೀಲಿಗೆ ತಿರುಗಿತ್ತು. ಸಾಬೂನಿನದು ಇನ್ನೂ ಸ್ವಲ್ಪ ಹೆಚ್ಚು. ಟೂತ್‌ಪೇಸ್ಟಿನದು ಕಂಡೂ ಕಾಣದಷ್ಟು. ಮುಚ್ಚಳದ ಪಕ್ಕದ್ದು ಮಾತ್ರ ಕೆಂಪೂ ಅಲ್ಲ, ನೀಲಿಯೂ ಅಲ್ಲ. ಬೆಳ್ಳಗೆ, ಏನೂ ಬರೆಯದ ಕಾಗದದಂತೆ ಇತ್ತು.

ಅವಳು ಕೆಳಗಿಳಿದು ಹೋಗಿ ಹೊಲಿಗೆಯಾಕೆಯ ಬಾಗಿಲು ತಟ್ಟಿದಳು.

“ಅಕ್ಕಾ, ಒಂದು ಚಮಚ ಬ್ಲೀಚ್ ಕೊಡ್ತೀರಾ?”

ಹೊಲಿಗೆಯಾಕೆ ಯಂತ್ರದ ಚಕ್ರವನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದಳು. ಬಾಯಲ್ಲಿ ಕಚ್ಚಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದಳು.

“ಏನಕ್ಕೆ?”

“ಒಂದು ಪರೀಕ್ಷೆ ಮಾಡ್ಬೇಕು.”

“ನನ್ನ ಹತ್ರ ಇಲ್ಲ.”

ಬಾಟಲಿ ಹೊಲಿಗೆಯಾಕೆಯ ಹಿಂದಿನ ಗೂಡಿನಲ್ಲೇ ಕಾಣುತ್ತಿತ್ತು. ಇಬ್ಬರೂ ಅದನ್ನು ನೋಡಿದರು.

“ಇದ್ರೂ ನಿನಗೆ ಕೊಡಲ್ಲ” ಎಂದಳು ಹೊಲಿಗೆಯಾಕೆ. “ಸಕ್ಕರೆ ಕೇಳು, ಹಾಲು ಕೇಳು, ನನ್ನ ತಲೆ ಬೇಕಾದ್ರೂ ಕೇಳು. ಒಂದು ಬಾಗಿಲು ಮುರಿದ ಭುಜಾನೇ ಇನ್ನೂ ನೆಟ್ಟಗಾಗಿಲ್ಲ ನನಗೆ.”

“ಕುಡಿಯೋಕಲ್ಲ ಅಕ್ಕಾ. ಕಾಗದಕ್ಕೆ ಹಾಕೋಕೆ.”

“ಹಾಗಾದ್ರೆ ನಾನೇ ಬರ್ತೀನಿ. ನಾನೇ ಹಾಕ್ತೀನಿ. ನೀನು ದೂರ ನಿಂತು ನೋಡು. ಒಪ್ಪಿಗೆಯಾ?”

ಹೀಗೆ ಹೊಲಿಗೆಯಾಕೆ ಬಾಟಲಿಯನ್ನು ಹಸುಗೂಸಿನಂತೆ ಎದೆಗವಚಿಕೊಂಡು ಮೆಟ್ಟಿಲು ಹತ್ತಿ ಬಂದಳು. ಅಡುಗೆಮನೆಯ ಮೇಜಿನ ಮೇಲೆ ಅವಳು ಒಂದು ಕೆಂಪು ಕಾಗದದ ಚೂರನ್ನು ತಟ್ಟೆಯಲ್ಲಿ ಇಟ್ಟಳು. ಅತ್ತೆ ಬಾಗಿಲಿಗೆ ಒರಗಿ ನಿಂತರು. ಹೊಲಿಗೆಯಾಕೆ ಒಂದು ಹನಿ ಬಿಟ್ಟಳು.

ಹನಿ ಬಿದ್ದ ಜಾಗ ಥಟ್ಟನೆ ನೀಲಿಯಾಯಿತು. ಕಟ್ಟೆಯ ಮೇಲಿನ ಉಳಿದ ಮೂರು ಚೂರುಗಳಿಗಿಂತ ಗಾಢವಾಗಿ.

“ನೀಲಿ” ಎಂದಳು ಹೊಲಿಗೆಯಾಕೆ. “ಆಯ್ತಾ? ಹೋಗ್ಲಾ?”

“ಸ್ವಲ್ಪ ತಡೀರಿ.”

ನೀಲಿ ನಡುವಿನಿಂದ ಮಸುಕಾಗತೊಡಗಿತು. ಅಂಚಿನಲ್ಲಿ ಒಂದು ಗೆರೆಯಷ್ಟು ಉಳಿದು, ಅದೂ ಅಳಿದು, ತಟ್ಟೆಯಲ್ಲಿ ಬಿಳಿ ಕಾಗದ ಉಳಿಯಿತು. ಬಟ್ಟೆಯ ಕಲೆಯನ್ನು ತಿನ್ನುವ ದ್ರವ ಕಾಗದದ ಬಣ್ಣವನ್ನೂ ತಿಂದುಬಿಟ್ಟಿತ್ತು. ಅಂದು ಅವನು ನೋಡಿದ್ದು ಮೊದಲ ಕ್ಷಣದ ನೀಲಿಯನ್ನು. ಬೆಳ್ಳಗಾಗುವುದನ್ನು ನೋಡಲು ಅವನಿಗೆ ಪುರುಸೊತ್ತು ಇರಲಿಲ್ಲ.

ಈಗ ಅವಳಿಗೆ ಎಲ್ಲವೂ ಕಣ್ಣಿಗೆ ಕಟ್ಟಿತು. ತೊಳೆಯುವಾಗ ಬಾಟಲಿ ಕೈಜಾರಿದೆ. ಆಸಿಡ್ ಕಲ್ಲಿನ ಮೇಲೆ ಹೊಗೆಯಾಡುತ್ತಿದೆ. ಮೂಗಿಗೆ ಗೊತ್ತಾಗುತ್ತಿಲ್ಲ, ಕಣ್ಣಿಗೆ ಕಾಣುತ್ತಿದೆ. ಹಾಯಿಸಿಬಿಡೋಣವೆಂದರೆ ನೀರಿಲ್ಲ. ಆಗ ಹೊರಗೆ ಹೋಗಿ ಸೋಡಾ, ಸಾಬೂನು, ಕಾಗದ ಎಲ್ಲ ತಂದು ಕಟ್ಟೆಯ ಮೇಲೆ ಜೋಡಿಸಿದ್ದಾನೆ. ಒಂದೊಂದನ್ನೇ ಪರೀಕ್ಷಿಸಿ, ಎಲ್ಲಕ್ಕಿಂತ ಗಾಢ ನೀಲಿ ತೋರಿದ್ದನ್ನು ಆರಿಸಿಕೊಂಡಿದ್ದಾನೆ. ಸಾಯಲು ಹೊರಟವನು ಟೂತ್‌ಪೇಸ್ಟನ್ನು ಪರೀಕ್ಷಿಸುವುದಿಲ್ಲ.

“ಅತ್ತೆ” ಎಂದಳು. “ಅವರು ಬೇಕಂತ ಮಾಡ್ಕೊಂಡಿದ್ದಲ್ಲ.”

ಅತ್ತೆ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು.

“ಆಸಿಡ್ ಚೆಲ್ಲಿತ್ತು. ಅದನ್ನ ತಣ್ಣಗೆ ಮಾಡೋಕೆ ಹೋಗಿದ್ರು.”

“ಚಿಲಕ?”

ಉತ್ತರ ಅವಳ ನಾಲಿಗೆಯ ತುದಿಯಲ್ಲಿತ್ತು. ಹೇಳಬಾರದೆಂದು ಹೊಳೆಯುವ ಮೊದಲೇ ಹೇಳಿಬಿಟ್ಟಿದ್ದಳು.

“ಆ ಬಾಗಿಲು ಚಿಲಕ ಹಾಕದೆ ನಿಲ್ಲುತ್ತಾ ಅತ್ತೆ? ಆಸಿಡ್ ಘಾಟು ಹೊರಗೆ ಬಂದ್ರೆ ನಿಮಗೆ ಉಬ್ಬಸ ಬರುತ್ತೆ. ಹೋದ ಸಲ ರಾತ್ರಿಯೆಲ್ಲ ಕೆಮ್ಮಿದ್ರಿ, ಅವರಿಗೆ ಬೈದ್ರಿ. ಅದಕ್ಕೇ ಟವೆಲು.”

ಹೊಲಿಗೆಯಾಕೆ ಬಾಟಲಿಯ ಮುಚ್ಚಳ ತಿರುಗಿಸಿ ಬಿಗಿಮಾಡಿದಳು. ಬಿಗಿಯಾದ ಮೇಲೂ ತಿರುಗಿಸುತ್ತಲೇ ಇದ್ದಳು. ಆಮೇಲೆ ಇಳಿದು ಹೋದಳು.

ಅತ್ತೆ ನೆಲಕ್ಕೆ ಕುಳಿತರು.

“ನನ್ನ ಕೆಮ್ಮಿಗಾಗಿ” ಎಂದರು.

“ಅಲ್ಲ ಅತ್ತೆ. ಚಿಲಕದಿಂದ ಸತ್ತಿದ್ದಲ್ಲ. ಬ್ಲೀಚ್ ಹಾಕಿದ್ದಕ್ಕೆ ಸತ್ತಿದ್ದು. ಅದನ್ನ ಹೇಳಿಕೊಟ್ಟಿದ್ದು ನಾನು.”

“ಬ್ಲೀಚ್ ಹಾಕು ಅಂದಿದ್ಯಾ?”

“ಯಾವುದಾದ್ರೂ ಕ್ಷಾರ ಅಂದಿದ್ದೆ.”

“ಮತ್ತೆ?”

“ಯಾವುದಾದ್ರೂ ಅಂದ್ರೆ ಅದೂ ಸೇರುತ್ತೆ ಅತ್ತೆ.”

ಆ ಸಂಜೆ ಇದೇ ಮೇಜು. ಡಬ್ಬಿ ತಂದ ದಿನ. ಅವನು ಮನೆಯಲ್ಲಿದ್ದ ಬಾಟಲಿ ಡಬ್ಬಿಗಳನ್ನೆಲ್ಲ ಸಾಲಾಗಿ ಇಟ್ಟು, “ಶುರುಮಾಡಿ ಪಂಡಿತರೇ” ಎಂದಿದ್ದ. ನಿಂಬೆರಸ ಕೆಂಪು. ವಿನೆಗರ್ ಕೆಂಪು. ಚಹಾ ಕೆಂಪೋ ಅಲ್ಲವೋ ಎಂದು ಜಗಳ. ಸಾಬೂನು ನೀಲಿ, ಬೂದಿ ನೀಲಿ. ಅತ್ತೆಯ ಎದೆಯುರಿ ಮಾತ್ರೆಯನ್ನು ನೀರಲ್ಲಿ ಅರೆದು ನೋಡಿದರೆ ಅದೂ ನೀಲಿ. “ನನ್ನ ಮಾತ್ರೆ ಮುಟ್ಟಿದ್ರೆ ನೋಡು” ಎಂದು ಅತ್ತೆ ಗದರಿದ್ದರು. ಅವನು ಒಂದು ನೀಲಿ ಚೂರನ್ನು ಹೆಂಡತಿಯ ಬಾಯಿಯ ಮುಂದೆ ಹಿಡಿದು, “ನಾಲಿಗೆ ಚಾಚೇ. ಇದು ಗ್ಯಾರಂಟಿ ಆಸಿಡ್. ಕಾಗದ ಸುಟ್ಟೇ ಹೋಗುತ್ತೆ” ಎಂದ. ಅವಳು ಅವನ ಬೆರಳು ಕಚ್ಚಿದಳು.

ಕೊನೆಗೆ ವಿನೆಗರಿಗೆ ಸೋಡಾ ಸುರಿದು ತೋರಿಸಿದ್ದಳು. ಬುಸ್ಸೆಂದು ನೊರೆ ಎದ್ದು, ಆರಿ, ಶಾಂತವಾಯಿತು. ಕಾಗದ ಅದ್ದಿದರೆ ನೀಲಿಯದು ನೀಲಿಯಾಗಿಯೇ, ಕೆಂಪಿನದು ಕೆಂಪಾಗಿಯೇ ಉಳಿಯಿತು.

“ಇವೆರಡರ ಜಗಳ ಮುಗೀತಾ?” ಎಂದ.

“ಮುಗೀತು. ಎಂಥ ಆಸಿಡ್ ಆದ್ರೂ ಅಷ್ಟೇ ರೀ. ಯಾವುದಾದ್ರೂ ಕ್ಷಾರ ಸೇರಿಸಿ, ನೊರೆ ಇಳಿಯೋ ತನಕ ಕಾಯಿರಿ. ತಾನಾಗೇ ತಣ್ಣಗಾಗುತ್ತೆ.”

‘ಎಂಥ’ ಎಂದಿದ್ದಳು. ‘ಯಾವುದಾದರೂ’ ಎಂದಿದ್ದಳು. ‘ಕಾಯಿರಿ’ ಎಂದಿದ್ದಳು. ಅವನು ಕಾದಿದ್ದ. ಘಾಟು ಹತ್ತದ ಮೂಗು, ಅರ್ಧ ಎದೆ, ಮುಚ್ಚಿದ ಬಾಗಿಲು. ಜಗಳ ಮುಗಿಯಲೆಂದು ಅಲ್ಲೇ ನಿಂತು ಕಾದಿದ್ದ. ಅಡುಗೆಯವರು ಹೇಳಿದ ಅಳತೆಯನ್ನು ಮೀರುವುದಿಲ್ಲ.

ಒಂದೇ ಸಾವಿಗಾಗಿ ಇಬ್ಬರು ಹೆಂಗಸರು ತಪ್ಪು ನನ್ನದು, ನನ್ನದೆಂದು ಪೈಪೋಟಿ ನಡೆಸಿದಂತೆ ಆಗಿತ್ತು. ಯಾರೂ ಬಿಟ್ಟುಕೊಡುವ ಹಾಗಿರಲಿಲ್ಲ.

“ಯಾಕೆ ನೋಡಿದ್ಯೇ ಅದನ್ನ?” ಎಂದರು ಅತ್ತೆ ಕೊನೆಗೆ. ದನಿಯಲ್ಲಿ ಸಿಟ್ಟಿರಲಿಲ್ಲ. “ಅವನಾಗೇ ಹೋದ ಅಂದ್ಕೊಂಡಿದ್ರೆ ಅವನ ಮೇಲೆ ಕೋಪವಾದ್ರೂ ಮಾಡ್ಕೊಂಡಿರ್ತಿದ್ದೆ. ಇನ್ನು ಅದೂ ಹೋಯ್ತು.”

ಅವನು ತಮ್ಮನ್ನು ಬಿಟ್ಟು ಹೋಗಲಿಲ್ಲ ಎಂಬುದು ತಿಳಿದರೆ ಉಸಿರು ಸ್ವಲ್ಪ ಹಗುರಾದೀತು ಎಂದುಕೊಂಡಿದ್ದಳು. ತಿಳಿದಿತ್ತು. ಉಸಿರು ಇದ್ದ ಹಾಗೇ ಇತ್ತು.

ಅವಳು ಬಚ್ಚಲಿಗೆ ಹೋಗಿ ಸಾಸರು, ಬಟ್ಟಲು, ಚಮಚ ತಂದು ತೊಳೆದಿಟ್ಟಳು. ಬೆಳಿಗ್ಗೆಯ ನೀರು ಇನ್ನೂ ಬರುತ್ತಿತ್ತು. ಬಕೆಟ್ಟು ತುಂಬಿ ಎತ್ತಿ ಎತ್ತಿ ಸುರಿದಳು. ನೆಲದ ಬಿಳಿ ಗುರುತು ಒದ್ದೆಯಾದಾಗ ಮಾಯವಾಗುತ್ತಿತ್ತು, ಆರಿದೊಡನೆ ಮತ್ತೆ ಎದ್ದು ಬರುತ್ತಿತ್ತು. ಎಷ್ಟು ಸುರಿದರೂ ಅಷ್ಟೇ. ನಾಲ್ಕು ಕಾಗದದ ಚೂರುಗಳನ್ನು ಏನು ಮಾಡುವುದೆಂದು ತಿಳಿಯಲಿಲ್ಲ. ಒಲೆಗೆ ಹಾಕಿದಳು. ಕ್ಷಣದಲ್ಲಿ ಉರಿದುಹೋದವು.

ತಗಡಿನ ಡಬ್ಬಿ ಉಳಿಯಿತು. ಅದು ಮನೆಯದಲ್ಲ.

ಮಧ್ಯಾಹ್ನ ಸೀರೆ ಬದಲಿಸಿ ಡಬ್ಬಿಯನ್ನು ಕೈಚೀಲದಲ್ಲಿ ಹಾಕಿಕೊಂಡಳು. ಅತ್ತೆ ಎಲ್ಲಿಗೆಂದು ಕೇಳಲಿಲ್ಲ. “ನಾಳೆ ಹಾಲು ಒಂದೇ ಲೀಟರ್ ಸಾಕು ಅಂತ ಹೇಳಿ ಬಾ” ಎಂದರು.

ಶಾಲೆಯಲ್ಲಿ ಊಟದ ಬಿಡುವು. ಪ್ರಯೋಗಾಲಯದಲ್ಲಿ ಗಾಜಣ್ಣ ಒಬ್ಬನೇ ಸಿಂಕಿಗೆ ಬಾಗಿ ನಳಿಗೆಗಳನ್ನು ತೊಳೆಯುತ್ತಿದ್ದ. ಅವಳನ್ನು ಕಂಡು ಗಾಬರಿಯಿಂದ ಕೈ ಒರೆಸಿಕೊಳ್ಳಲು ಹೋಗಿ, ಒಂದು ನಳಿಗೆ ಜಾರಿ ಫಳ್ಳೆಂದಿತು.

“ಹೋಯ್ತು ಬಿಡಿ. ಬನ್ನಿ ತಾಯಿ, ಬನ್ನಿ, ಕೂತ್ಕೊಳ್ಳಿ. ಆ ಸ್ಟೂಲು ಬೇಡ, ಅದರ ಕಾಲು ಸರಿಯಿಲ್ಲ. ಮಣ್ಣಿಗೆ ಬಂದಿದ್ದೆ ನಾನು. ಜನದಲ್ಲಿ ನೀವು ನೋಡಿರಲಿಕ್ಕಿಲ್ಲ.”

“ನೋಡಿದೆ ಅಣ್ಣಾ.” ನೋಡಿರಲಿಲ್ಲ. ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. “ಇದು ನಿಮ್ಮದು.”

ಗಾಜಣ್ಣ ಡಬ್ಬಿಯನ್ನೂ ಅವಳನ್ನೂ ನೋಡಿದ.

“ಅಯ್ಯೋ, ಇದನ್ನ ಯಾರು ಕೇಳಿದ್ರು? ಇಟ್ಕೊಳ್ಳಿ. ಅವನು ತಗೊಂಡು ಹೋಗುವಾಗ ಏನಂದ ಗೊತ್ತಾ? ‘ಮೂಗು ಬರೋ ತನಕ ಎರವಲು ಕೊಡು, ಮೂಗು ಬಂದ ದಿನ ವಾಪಸ್ಸು’ ಅಂದ. ಮೂಗು ಬರದಿದ್ರೆ ಅಂತ ಕೇಳಿದೆ. ‘ನನ್ನ ಹೆಂಡತಿ ತಂದುಕೊಡ್ತಾಳೆ, ಅವಳು ಬೇರೆಯವರ ಸೂಜಿ ಕೂಡ ಮನೇಲಿ ಇಟ್ಕೊಳ್ಳಲ್ಲ’ ಅಂತ ನಗಾಡಿದ.” ಹೇಳಿ ಮುಗಿಸಿದ ಮೇಲೆ ಗಾಜಣ್ಣ ತುಟಿ ಕಚ್ಚಿಕೊಂಡ.

ಅವಳು ಡಬ್ಬಿಯನ್ನು ಅವನ ಕಡೆಗೆ ಇನ್ನಷ್ಟು ಸರಿಸಿದಳು.

“ಅಣ್ಣಾ, ಆಸಿಡ್ಡಿಗೆ ಬ್ಲೀಚ್ ಸೇರಿಸಬಾರದು ಅಂತ ಇಲ್ಲಿ ಮಕ್ಕಳಿಗೆ ಹೇಳ್ತಾರಾ?”

“ಪುಸ್ತಕದಲ್ಲಿ ಇದ್ರೆ ಹೇಳ್ತಾರೆ ತಾಯಿ. ನಾನು ಗಾಜು ತೊಳೆಯೋನು.” ಕಾಲಡಿಯ ಚೂರುಗಳನ್ನು ನೋಡಿ, “ಒಡೆಯೋನು” ಎಂದು ಸೇರಿಸಿದ.

“ಮೇಷ್ಟ್ರಿಗೆ ಹೇಳಿ. ನಾನು ಹೇಳಿದೆ ಅನ್ನಿ.”

“ಹೇಳ್ತೀನಿ” ಎಂದ ಗಾಜಣ್ಣ. ಹೇಳಲಾರನೆಂದು ಇಬ್ಬರಿಗೂ ಗೊತ್ತಿತ್ತು.

ಅವನು ಡಬ್ಬಿಯ ಮುಚ್ಚಳ ತೆಗೆದು ನೋಡಿದ. ಎರಡೂ ಕಟ್ಟುಗಳು ತೆಳ್ಳಗಾಗಿದ್ದವು. ಏನಾದರೂ ಒಳ್ಳೆಯ ಮಾತು ಆಡಬೇಕೆಂದು ಅವನಿಗೆ ಅನ್ನಿಸಿರಬೇಕು.

“ಹಳೇ ಸ್ಟಾಕು ಇದು. ಸರಿಯಾಗಿ ಕೆಲಸ ಮಾಡ್ತಾ?”

“ಸರಿಯಾಗೇ ಮಾಡಿತು ಅಣ್ಣಾ. ಒಂದು ಸಲವೂ ಸುಳ್ಳು ಹೇಳಲಿಲ್ಲ.”

ಗಾಜಣ್ಣ ಬೀರು ತೆರೆದ. ಅದರಲ್ಲಿ ಅಂಥವೇ ಚಪ್ಪಟೆ ತಗಡಿನ ಡಬ್ಬಿಗಳು ಒಂದರ ಮೇಲೊಂದು ಪೇರಿಸಿದ್ದವು. ಅವನು ಇದನ್ನೂ ಅವುಗಳ ನಡುವೆ ಎಲ್ಲೋ ತಳ್ಳಿ ಬಾಗಿಲು ಹಾಕಿದ. ಬಾಗಿಲು ಸರಿಯಾಗಿ ಕೂರದೆ ತಾನಾಗಿ ಮತ್ತೆ ತೆರೆದುಕೊಂಡಿತು. ಅವಳು ನೋಡಿದಳು. ಗಂಡನ ಡಬ್ಬಿ ಯಾವುದೆಂದು ಅಷ್ಟರಲ್ಲೇ ಗುರುತು ಸಿಗಲಿಲ್ಲ.